ಅಜ್ಜನಿಗೊಂದು ಒಣ ಪೆಟ್ಟಿಗೆ

ಜೂನ್ 14

ಅಜ್ಜ ಸೀನಿದ. ಒಂದು ಸಲ ಅಲ್ಲ, ಬೆಳಗ್ಗೆಯಿಂದ ನಾಲ್ಕು ಸಲ. ಆಮೇಲೆ ತೊಟ್ಟಿಯ ತಣ್ಣಗಿನ ಮೂಲೆಗೆ ಹೋಗಿ ಬಾಯಿ ಅರ್ಧ ತೆರೆದು ಕೂತ. ಮೂಗಿನ ಹೊಳ್ಳೆಯಲ್ಲಿ ಒಂದು ಸಣ್ಣ ಗುಳ್ಳೆ.

ಅಜ್ಜ ಅಂದರೆ ನಮ್ಮ ಬಿಯರ್ಡೆಡ್ ಡ್ರ್ಯಾಗನ್. ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮೆಯ ಓತಿ. ಸಿಟ್ಟು ಬಂದರೆ ಗಂಟಲಿನ ಮುಳ್ಳುಗಳನ್ನು ಉಬ್ಬಿಸಿ ಗಡ್ಡ ಕಪ್ಪು ಮಾಡಿಕೊಳ್ಳುತ್ತಾನೆ. ಅದನ್ನು ನೋಡಿ ಅಮ್ಮ ಇಟ್ಟ ಹೆಸರು. ಪಕ್ಕದ ಮನೆಯ ಅಕ್ಕ ಗೇಟಿನ ಹತ್ತಿರ ನಿಂತು "ಅಜ್ಜನ ಊಟ ಆಯ್ತಾ?" ಅಂತ ಕೇಳುತ್ತಾರೆ. ಕೇಳಿಸಿಕೊಂಡವರು ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಅಂದುಕೊಳ್ಳುತ್ತಾರೆ.

ಮೂಗಿನಿಂದ ಬಾಲದ ತುದಿಯವರೆಗೆ 19 ಇಂಚು. ಬೆಂಗಳೂರಿನ ಗೆಳೆಯನೊಬ್ಬ ಹೊರದೇಶಕ್ಕೆ ಹೊರಟಾಗ ಫೆಬ್ರವರಿಯಲ್ಲಿ ಗಾಜಿನ ತೊಟ್ಟಿ, ಬಲ್ಬು, ಒಂದು ಡಬ್ಬಿ ಹುಳದ ಸಮೇತ ನನಗೆ ಕೊಟ್ಟು ಹೋದ. ಮೇ ತಿಂಗಳವರೆಗೆ ಒಂದು ತೊಂದರೆಯೂ ಇರಲಿಲ್ಲ. ಮಂಗಳೂರಿನಲ್ಲಿ ನಮ್ಮ ಜೆಪ್ಪುವಿನ ಸೆಕೆ ಅವನಿಗೆ ಹಬ್ಬವೇ ಆಗಿತ್ತು. ಆಮೇಲೆ ಮಳೆ ಹಿಡಿಯಿತು.

ಇವು ಬಾಯಿ ತೆರೆಯುವುದರಲ್ಲಿ ಎರಡು ಬಗೆ ಇದೆ. ದೀಪದ ಕೆಳಗೆ ಕೂತು ಬಾಯಿ ತೆರೆದರೆ ಮೈ ಸಾಕಷ್ಟು ಬಿಸಿಯಾಗಿದೆ, ಹೆಚ್ಚಿನ ಶಾಖ ಹೊರಗೆ ಬಿಡುತ್ತಿದೆ ಅಂತ ಅರ್ಥ. ಅದಕ್ಕೆ ಹೆದರಬೇಕಾಗಿಲ್ಲ. ದೀಪ ಬಿಟ್ಟು ತಣ್ಣಗಿನ ಕಡೆ ಕೂತು ಬಾಯಿ ತೆರೆದರೆ, ಜೊತೆಗೆ ಲೋಳೆಯೋ ಗುಳ್ಳೆಯೋ ಕಂಡರೆ, ಎದೆ ಕಟ್ಟಿದೆ ಅಂತ ಅರ್ಥ. ಸಂಜೆಯೇ ಡಾಕ್ಟರ ಹತ್ತಿರ ಹೋದೆ. ಅವರು ಎದೆಗೆ ಸ್ಟೆತೊಸ್ಕೋಪ್ ಇಟ್ಟರು, ತೂಕ ನೋಡಿದರು. 380 ಗ್ರಾಂ ಇದ್ದವನು 352ಕ್ಕೆ ಇಳಿದಿದ್ದ. ಶ್ವಾಸಕೋಶದ ಸೋಂಕು ಅಂದರು. ಇಂಜೆಕ್ಷನ್ ಶುರುವಾಯಿತು. ಹೊರಡುವಾಗ ಒಂದು ಮಾತು ಹೇಳಿದರು: "ಮದ್ದು ನಾನು ಕೊಡ್ತೇನೆ. ಆದರೆ ಇದನ್ನು ಪುನಃ ಅದೇ ಒದ್ದೆ ಗೂಡಿಗೆ ಹಾಕಿದ್ರೆ ಮುಂದಿನ ತಿಂಗಳು ನೀವು ಇಲ್ಲಿಗೇ ಬರ್ತೀರಿ."

ಹಾಗಾಗಿ ಈ ಪೆಟ್ಟಿಗೆ.

ಜೂನ್ 17

ಮೊದಲು ತೊಟ್ಟಿಯಲ್ಲಿ ನಿಜಕ್ಕೂ ಎಷ್ಟು ತೇವ ಇದೆ ಅಂತ ತಿಳಿಯಬೇಕಿತ್ತು. ಮನೆಯಲ್ಲಿ ಎರಡು ಅಗ್ಗದ ತೇವಾಂಶ ಮೀಟರ್ ಇದ್ದವು. ಪಕ್ಕಪಕ್ಕದಲ್ಲಿ ಇಟ್ಟರೂ ಒಂದು 71 ಅನ್ನುತ್ತದೆ, ಇನ್ನೊಂದು 87. ಯಾರನ್ನು ನಂಬುವುದು?

ಇದಕ್ಕೆ ಅಡುಗೆಮನೆಯ ಉಪಾಯ ಉಂಟು. ಸೋಡಾ ಬಾಟಲಿಯ ಮುಚ್ಚಳಕ್ಕೆ ಪುಡಿ ಉಪ್ಪು ತುಂಬಿಸಿ, ನಾಲ್ಕೈದು ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು. ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿಗೆ ಹಾಕಿ, ಬಾಯಿ ಬಿಗಿಮಾಡಿ ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಮುಚ್ಚಿದ ಗಾಳಿ ತಾನಾಗಿಯೇ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ ನೋಡಿದರೆ ಒಂದು 68 ತೋರಿಸುತ್ತಿತ್ತು, ಇನ್ನೊಂದು 84. ಅಂದರೆ ಒಂದಕ್ಕೆ 7 ಕೂಡಿಸಬೇಕು, ಇನ್ನೊಂದರಿಂದ 9 ಕಳೆಯಬೇಕು. ಮಾರ್ಕರ್‌ನಿಂದ ಎರಡರ ಬೆನ್ನಿಗೂ ಬರೆದಿಟ್ಟೆ.

ಸರಿಮಾಡಿದ ಲೆಕ್ಕದಲ್ಲಿ ತೊಟ್ಟಿಯ ತಣ್ಣಗಿನ ಕಡೆ ಶೇಕಡಾ 82. ಇವುಗಳಿಗೆ ಬೇಕಾದದ್ದು 30ರಿಂದ 40. ಅಜ್ಜ ಸೀನದೆ ಇನ್ನೇನು ಮಾಡಿಯಾನು?

ಗಾಜಿನ ತೊಟ್ಟಿಯ ತಪ್ಪು ಈಗ ಕಂಡಿತು. ಅದು ಮೀನಿಗೆ ಮಾಡಿದ್ದು. ಮೇಲೆ ಮಾತ್ರ ಬಾಯಿ. ಕೆಳಗಿನ ಗಾಳಿ ಬಾವಿಯ ನೀರಿನ ಹಾಗೆ ನಿಂತಲ್ಲೇ ನಿಲ್ಲುತ್ತದೆ.

ಜೂನ್ 20

ಸಾಕುವ ಬಗ್ಗೆ ಬರೆದದ್ದೆಲ್ಲ ಓದಿದೆ. ಹೆಚ್ಚಿನದನ್ನು ಚಳಿ ದೇಶದವರು ಬರೆದದ್ದು. ಅವರ ಚಿಂತೆಯೆಲ್ಲ ಪೆಟ್ಟಿಗೆ ಬಿಸಿ ಮಾಡುವುದು ಹೇಗೆ, ಶಾಖ ಹೊರಗೆ ಹೋಗದ ಹಾಗೆ ಮುಚ್ಚುವುದು ಹೇಗೆ ಅಂತ. ನಮಗೆ ಬಿಸಿ ಒಂದು ಸಮಸ್ಯೆಯೇ ಅಲ್ಲ. ಮಂಗಳೂರಿನಲ್ಲಿ ಜುಲೈ ರಾತ್ರಿಯೂ 23, 24 ಡಿಗ್ರಿ ಇರುತ್ತದೆ. ನಮ್ಮ ಸಮಸ್ಯೆ ನೀರು.

ನಾನೂ ಮೊದಲು ತಪ್ಪೇ ಯೋಚಿಸಿದೆ. ತೇವ ಹೊರಗಿನಿಂದ ಬರುತ್ತದೆ, ಹಾಗಾದರೆ ಸಂದು ಬಿಡದೆ ಮುಚ್ಚಿಬಿಡೋಣ ಅಂತ. ಆದರೆ ಒಳಗಿರುವುದು ಉಸಿರಾಡುವ ಪ್ರಾಣಿ. ಉಚ್ಚೆ ಹೊಯ್ಯುತ್ತದೆ, ತೊಳೆದ ಸೊಪ್ಪು ತಿನ್ನುತ್ತದೆ, ನೀರಿನ ಬಟ್ಟಲು ಚೆಲ್ಲುತ್ತದೆ. ಮುಚ್ಚಿದರೆ ಅದೆಲ್ಲ ಒಳಗೇ ಉಳಿಯುತ್ತದೆ.

ದಾರಿ ಹೊಳೆದದ್ದು ಹಳೇ ಅಡುಗೆಮನೆಯ ಅಟ್ಟ ನೋಡಿದಾಗ. ಒಲೆಯ ಮೇಲಿನ ಆ ಅಟ್ಟದಲ್ಲಿ ಅಜ್ಜಿ ಮಳೆಗಾಲವಿಡೀ ಹುಣಸೆಹಣ್ಣು, ಬೀಜದ ಸೌತೆಕಾಯಿ, ತೆಂಗಿನಕಾಯಿ ಇಡುತ್ತಿದ್ದರು. ಹೊರಗೆ ಗೋಡೆಯೆಲ್ಲ ಪಾಚಿ ಕಟ್ಟುತ್ತಿದ್ದಾಗಲೂ ಅಟ್ಟದ ಮೇಲಿನದು ಹಾಳಾಗುತ್ತಿರಲಿಲ್ಲ. ಕೆಳಗಿನಿಂದ ಬಿಸಿ, ಹೆಂಚಿನ ಸಂದಿನಲ್ಲಿ ಗಾಳಿಗೆ ದಾರಿ. ಅಷ್ಟೇ.

ಲೆಕ್ಕವೂ ಅದನ್ನೇ ಹೇಳುತ್ತದೆ. ಗಾಳಿ ಬಿಸಿಯಾದಷ್ಟೂ ಜಾಸ್ತಿ ನೀರಾವಿ ಹಿಡಿಯಬಲ್ಲದು. ಮೀಟರ್ ತೋರಿಸುವುದು ಎಷ್ಟು ನೀರಿದೆ ಅಂತ ಅಲ್ಲ, ಹಿಡಿಯಬಲ್ಲಷ್ಟರಲ್ಲಿ ಎಷ್ಟು ಪಾಲು ತುಂಬಿದೆ ಅಂತ. 26 ಡಿಗ್ರಿಯಲ್ಲಿ ಶೇಕಡಾ 90 ಇರುವ ಗಾಳಿಯನ್ನು, ಒಂದು ಹನಿಯೂ ತೆಗೆಯದೆ, 35ಕ್ಕೆ ಬಿಸಿ ಮಾಡಿದರೆ ಅದು ಸುಮಾರು 54 ಆಗುತ್ತದೆ. 40ಕ್ಕೆ ಏರಿಸಿದರೆ 41. ಹಾಗಾಗಿ ನನಗೆ ಬೇಕಾದದ್ದು ಮುಚ್ಚಿದ ಪೆಟ್ಟಿಗೆ ಅಲ್ಲ, ಒಂದು ಅಟ್ಟ. ತಣ್ಣಗಿನ ಕಡೆ ಕೆಳಗೆ ಗಾಳಿ ಒಳಗೆ ಬರಬೇಕು, ಬಿಸಿಯಾಗಿ ಇನ್ನೊಂದು ಕಡೆ ಮೇಲಿನಿಂದ ಹೊರಗೆ ಹೋಗಬೇಕು.

ಜೂನ್ 23

ಅಳತೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ದೊಡ್ಡದಾಗಿ ಬೆಳೆದ ಒಂದಕ್ಕೆ ಇಷ್ಟು ಬೇಕು. ಈ ಅಳತೆಯ ಒಂದು ಚಂದ ಏನೆಂದರೆ, 8 ಅಡಿಗೆ 4 ಅಡಿಯ ಒಂದು ಪ್ಲೈವುಡ್ ಶೀಟಿನಲ್ಲಿ ಪೂರ್ತಿ ಮುಗಿಯುತ್ತದೆ. ಶೀಟನ್ನು 4 ಅಡಿಗೆ 2 ಅಡಿಯ ನಾಲ್ಕು ತುಂಡು ಮಾಡಿದರೆ ಮೂರು ತುಂಡು ತಳ, ಮೇಲಿನ ಮಾಡು, ಬೆನ್ನು. ನಾಲ್ಕನೆಯದನ್ನು ನಡುವೆ ಕೊಯ್ದರೆ ಎರಡು ಪಕ್ಕ. ಮುಂದೆ ಗಾಜು.

ಬಂದರಿನ ಕಡೆ ಹೋಗಿ 18 ಎಂಎಂ ಮೆರೈನ್ ಪ್ಲೈ ತಂದೆ. ಐಎಸ್ 710 ಅಂತ ಮುದ್ರೆ ಇರುವುದೇ ಬೇಕು ಅಂತ ಪಟ್ಟು ಹಿಡಿದೆ. ಸಾದಾ ಕಮರ್ಷಿಯಲ್ ಪ್ಲೈ ನಮ್ಮ ಮಳೆಗೆ ಎರಡನೇ ವರ್ಷ ಪುಸ್ತಕದ ಹಾಳೆ ಹಾಗೆ ಬಿಚ್ಚಿಕೊಳ್ಳುತ್ತದೆ. ಮರದ ಪುಡಿ ಬೆರೆಸಿ ಮಾಡುವ ಡಬ್ಲ್ಯುಪಿಸಿ ಹಲಗೆ ನೀರು ಕುಡಿಯುವುದಿಲ್ಲ ನಿಜ. ಆದರೆ ಅದರಲ್ಲಿ ಪ್ಲಾಸ್ಟಿಕ್ ಇದೆ, ದೀಪದ ಶಾಖಕ್ಕೆ ಮೆತ್ತಗಾದರೆ ಅಂತ ಧೈರ್ಯ ಬರಲಿಲ್ಲ.

ಆಚಾರಿಯವರಿಗೆ ಚಿತ್ರ ತೋರಿಸಿದೆ.

"ಇದೆಂತ ಮಾರಾಯ್ರೆ, ಕೋಳಿ ಗೂಡಾ?"

"ಅಲ್ಲ ಆಚಾರ್ರೆ, ಓತಿಗೆ."

ಅವರು ಕನ್ನಡಕ ಮೇಲೆ ಮಾಡಿ ನನ್ನನ್ನು ನೋಡಿದರು. "ಓತಿಗೆ ಮೆರೈನ್ ಪ್ಲೈ! ನನ್ನ ಮನೆಯ ಕಪಾಟಿಗೆ ಕೂಡ ಇಲ್ಲ." ಅಷ್ಟು ಹೇಳಿದವರು ಕೆಲಸದಲ್ಲಿ ಮಾತ್ರ ಒಂದು ನೂಲು ತಪ್ಪಲಿಲ್ಲ. ಗರಗಸದ ಅಲಗು ತಿನ್ನುವ 3 ಎಂಎಂ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ಹಿಡಿದಿದ್ದರು. ಎಲ್ಲ ತುಂಡನ್ನೂ ಅಷ್ಟಷ್ಟು ಕಡಿಮೆ ಮಾಡಿ ಸಮ ತಂದರು. ಮುಂಭಾಗದ ಕೆಳಗೆ 4 ಇಂಚಿನ ಪಟ್ಟಿ ಬೇಕಿತ್ತು, ಅದಕ್ಕೆ ಅವರ ಹತ್ತಿರವೇ ಬಿದ್ದಿದ್ದ ಹಲಸಿನ ತುಂಡು ಹಾಕಿದರು. ಅದರ ಕಥೆ ಕೊನೆಗೆ ಬರುತ್ತದೆ.

ಜೂನ್ 25ರಿಂದ ಜುಲೈ 9

ಈ ಹದಿನೈದು ದಿನ ವಾರ್ನಿಷಿನ ಜೊತೆ ಜಗಳ.

ಪ್ಲೈನ ಒಳಮೈಗೆ ನೀರಿನಲ್ಲಿ ಕದಡುವ ಪಾಲಿಯುರಿಥೇನ್ ವಾರ್ನಿಷ್ ಮೂರು ಕೋಟು. ಡಬ್ಬಿಯ ಮೇಲೆ ಎರಡು ಗಂಟೆಗೆ ಒಣಗುತ್ತದೆ ಅಂತ ಬರೆದಿತ್ತು. ಎರಡು ದಿನ ಆದರೂ ಬೆರಳು ಇಟ್ಟರೆ ಅಂಟುತ್ತಿತ್ತು. ಡಬ್ಬಿಯದ್ದು ಸುಳ್ಳಲ್ಲ, ಅದು ಜುಲೈ ತಿಂಗಳ ಮಂಗಳೂರಿಗೆ ಬರೆದದ್ದಲ್ಲ. ಹೊರಗಿನ ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುವಾಗ ವಾರ್ನಿಷಿನ ನೀರು ಎಲ್ಲಿಗೆ ಹೋಗಬೇಕು?

ಕೊನೆಗೆ ಪೆಟ್ಟಿಗೆ ಜೋಡಿಸಿ, ಒಳಗೆ 100 ವ್ಯಾಟಿನ ಗುಂಡು ಬಲ್ಬು ತೂಗುಹಾಕಿ, ಮುಂದೆ ಹಳೇ ಬೆಡ್‌ಶೀಟ್ ಇಳಿಬಿಟ್ಟೆ. ಮೇಲೆ ಒಂದು ಸಂದು ಬಿಟ್ಟೆ. ಅದೇ ಅಟ್ಟದ ಉಪಾಯ. ಬೆಳಗ್ಗೆಗೆ ಮೇಲ್ಮೈ ಗಟ್ಟಿ. ಉಳಿದ ಎರಡು ಕೋಟು ಹೀಗೇ ಮಾಡಿದೆ. ಮೂಲೆಗಳಿಗೆ ಅಕ್ವೇರಿಯಂ ಸಿಲಿಕಾನ್ ಎಳೆದೆ. ಬಾತ್‌ರೂಮಿಗೆ ಹಾಕುವ ಸಿಲಿಕಾನ್‌ನಲ್ಲಿ ಬೂಷ್ಟು ಕೊಲ್ಲುವ ಮದ್ದು ಸೇರಿಸಿರುತ್ತಾರೆ, ಪ್ರಾಣಿಯ ಗೂಡಿಗೆ ಅದು ಬೇಡ.

ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆ ಖಾಲಿಯೇ ಇತ್ತು. ಅಷ್ಟು ದಿನ ಅಜ್ಜ ಅಪ್ಪನ ಕೋಣೆಯಲ್ಲಿ, ಎಸಿಯ ಡ್ರೈ ಮೋಡಿನಲ್ಲಿ. ದೀಪ ತೊಟ್ಟಿಯ ಒಂದು ತುದಿಗೆ ಹತ್ತಿರ ಇಟ್ಟಿದ್ದೆ, ಎಸಿ ಗಾಳಿ ನೇರ ತಾಗದ ಹಾಗೆ. ಅಪ್ಪ ಏನೂ ಹೇಳಲಿಲ್ಲ. ಕರೆಂಟ್ ಬಿಲ್ಲನ್ನು ಮಾತ್ರ ಮೇಜಿನ ಮೇಲೆ ನನಗೆ ಕಾಣುವ ಹಾಗೆ ಇಟ್ಟರು.

ಜುಲೈ 11

ಗಾಳಿ ತೂತುಗಳು. 2 ಇಂಚಿನ ಹೋಲ್ ಸಾ ಹಾಕಿ ತಣ್ಣಗಿನ ಪಕ್ಕದಲ್ಲಿ ತಳದಿಂದ 4 ಇಂಚು ಮೇಲೆ ಆರು, ಬಿಸಿ ಕಡೆಯ ಬೆನ್ನಿನಲ್ಲಿ ಮಾಡಿನ ಕೆಳಗೆ ಎಂಟು. ಎಲ್ಲದಕ್ಕೂ ಒಳಗಿನಿಂದ ಸ್ಟೀಲಿನ ಸಣ್ಣ ಕಣ್ಣಿನ ಜಾಲರಿ.

ಜಾಲರಿ ಯಾಕೆ ಇಷ್ಟು ಸಣ್ಣದು ಅಂದರೆ, ಮಳೆಗಾಲದ ರಾತ್ರಿ ದೀಪ ಕಂಡರೆ ಬರದ ಹುಳವೇ ಇಲ್ಲ. ಹುಳದ ಹಿಂದೆ ಹಲ್ಲಿ. ಹಲ್ಲಿ ಒಳಗೆ ಹೋದರೆ ಅಜ್ಜ ಬಿಡುವುದಿಲ್ಲ, ಆಮೇಲೆ ಹಲ್ಲಿಯ ಹೊಟ್ಟೆಯ ಜಂತು ಅವನ ಹೊಟ್ಟೆಗೆ. ಅದಕ್ಕಿಂತ ನನಗೆ ಹೆದರಿಕೆ ಮಿಂಚುಹುಳದ್ದು. ಮಳೆ ಶುರುವಾಗುವ ಹೊತ್ತಿಗೆ ನಮ್ಮ ಹಿತ್ತಿಲಿನಲ್ಲಿ ಮಿಣಮಿಣ ಅನ್ನುತ್ತಿರುತ್ತವೆ. ಅಮೆರಿಕದ ಕೆಲವು ಮಿಂಚುಹುಳಗಳ ಮೈಯಲ್ಲಿ ಕಪ್ಪೆಯ ವಿಷಕ್ಕೆ ಹೋಲುವ ಒಂದು ವಿಷ ಇದೆ. ಅವನ್ನು ತಿಂದು ಬಿಯರ್ಡೆಡ್ ಡ್ರ್ಯಾಗನ್‌ಗಳು ಒಂದೆರಡು ಗಂಟೆಯೊಳಗೆ ಸತ್ತ ದಾಖಲೆಗಳು ಇವೆ. ಒಂದೇ ಹುಳ ಸಾಕು. ನಮ್ಮ ಹಿತ್ತಿಲಿನದು ಹೇಗೋ ಏನೋ, ಅಜ್ಜನ ಮೇಲೆ ಪರೀಕ್ಷೆ ಮಾಡುವ ಆಸೆ ನನಗಿಲ್ಲ. ಹುಳ ಕೊಡುವುದಾದರೆ ನಾನೇ ಡಬ್ಬಿಯಲ್ಲಿ ಸಾಕಿದ ಮಿಡತೆ, ಸೂಪರ್‌ವರ್ಮ್. ಹಿತ್ತಿಲಿನಿಂದ ಹಿಡಿದದ್ದು ಒಂದೂ ಇಲ್ಲ.

ಇರುವೆಗೆ ಅಜ್ಜಿಯ ಕಾಲದ್ದೇ ಪರಿಹಾರ: ಪೆಟ್ಟಿಗೆ ಇಟ್ಟ ಮೇಜಿನ ನಾಲ್ಕೂ ಕಾಲು ನೀರು ತುಂಬಿದ ಬಟ್ಟಲಿನಲ್ಲಿ.

ಜುಲೈ 12

ಇವತ್ತು ಬುದ್ಧಿವಂತಿಕೆ ಜಾಸ್ತಿಯಾಗಿ ಒಂದು ಹಳೇ ಕಂಪ್ಯೂಟರ್ ಫ್ಯಾನನ್ನು ಮೇಲಿನ ತೂತಿಗೆ ಕೂರಿಸಿದೆ. ಗಾಳಿ ಓಡಿದರೆ ಬೇಗ ಒಣಗುತ್ತದೆ ಅಂತ. ಬಟ್ಟೆಗೆ ಫ್ಯಾನ್ ಹಾಕುತ್ತೇವಲ್ಲ.

ಒಂದು ಗಂಟೆಯಲ್ಲಿ ತೇವ 58ರಿಂದ 76ಕ್ಕೆ ಏರಿತು. ಬಿಸಿ ಕಡೆಯ ಗಾಳಿ 35ರಿಂದ 29ಕ್ಕೆ ಇಳಿಯಿತು. ಕೋಣೆಯ ಒದ್ದೆ ಗಾಳಿಯನ್ನು ಫ್ಯಾನ್ ಸುಮ್ನೆ ಎಳೆದು ತರುತ್ತಿದೆ, ದೀಪಕ್ಕೆ ಅದನ್ನು ಬಿಸಿ ಮಾಡಲು ಪುರುಸೊತ್ತೇ ಇಲ್ಲ. ಬಟ್ಟೆಯಲ್ಲಿ ಗಾಳಿಗಿಂತ ಜಾಸ್ತಿ ನೀರಿರುತ್ತದೆ, ಇಲ್ಲಿ ಹೊರಗಿನ ಗಾಳಿಯೇ ಬಟ್ಟೆ. ಫ್ಯಾನ್ ಕಿತ್ತೆ. ಕೆಳಗಿನ ಆರು ತೂತಿನಲ್ಲಿ ಎರಡಕ್ಕೆ ಟೇಪು ಹಾಕಿದೆ. ಒಂದು ಊದುಕಡ್ಡಿ ಹಚ್ಚಿ ಕೆಳಗಿನ ತೂತಿನ ಹತ್ತಿರ ಹಿಡಿದರೆ ಹೊಗೆ ಒಳಗೆ ಬಾಗಿತು, ನಿಧಾನ ಪೆಟ್ಟಿಗೆಯ ಉದ್ದಕ್ಕೂ ತೇಲಿ, ಬಿಸಿ ಕಡೆ ಮೇಲೆದ್ದು ಹಿಂದಿನಿಂದ ಹೋಯಿತು. ಇಷ್ಟೇ ಸಾಕು. ಅವಸರ ಬೇಡ. ಪ್ರಾಣಿಯನ್ನು ಬಿಡುವ ಮೊದಲೇ ಈ ಹೊಗೆಯ ಆಟ ಮುಗಿಸಿಕೊಳ್ಳಿ, ಅದು ಒಳಗೆ ಉಸಿರಾಡುವಾಗ ಅಲ್ಲ.

ಜುಲೈ 14

ಈಗ ಬಿಸಿಲು ಕಾಯುವ ಜಾಗ. ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಇದೇ.

ಅಜ್ಜ ಕೂರುವ ಜಾಗದ ಮೇಲ್ಮೈ 40ರಿಂದ 42 ಡಿಗ್ರಿ ಇರಬೇಕು. ಇದು ಗಾಳಿಯ ಲೆಕ್ಕ ಅಲ್ಲ, ಕಲ್ಲಿನ ಲೆಕ್ಕ. ಇನ್‌ಫ್ರಾರೆಡ್ ಗನ್ ಹಿಡಿದು ನೋಡಬೇಕು. ಮೊದಲು ಒಂದು ಕಡಪ ಕಲ್ಲಿನ ತುಂಡು ಇಟ್ಟೆ. 75 ವ್ಯಾಟಿನ ಹ್ಯಾಲೋಜನ್ ಕೆಳಗೆ ಒಂದು ಗಂಟೆಗೆ 52. ಕಪ್ಪು ಕಲ್ಲು, ಬಂದ ಬೆಳಕನ್ನೆಲ್ಲ ಕುಡಿಯುತ್ತದೆ. ಹೊಟ್ಟೆ ಸುಟ್ಟುಹೋದೀತು. ದೀಪ ಮೇಲೆ ಮಾಡಿದರೆ ಮಾಡಿಗೆ ತಾಗುತ್ತದೆ.

ಬಚ್ಚಲಿನ ಹಿಂದೆ ಹಳೇ ಹೆಂಚಿನ ರಾಶಿ ಇತ್ತು. ನಮ್ಮ ಮನೆಯ ಅರ್ಧ ಮಾಡಿಗೆ ಶೀಟ್ ಹಾಕಿಸಿದಾಗ ಇಳಿಸಿದ್ದು. 1865ರಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ಶುರುಮಾಡಿದ್ದು ಇದೇ ಜೆಪ್ಪುವಿನಲ್ಲಿ. ಆಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ ಬಂದು, ಹೆಂಚಿಗೆ ಮಂಗಳೂರಿನ ಹೆಸರೇ ಅಂಟಿಕೊಂಡಿತು. ಹೆಂಚು ಎತ್ತಿ ನೋಡಿದೆ. ಕೆಳಮೈಯಲ್ಲಿ ಏಣುಗಳು, ಉಗುರಿಗೆ ಹಿಡಿತ ಸಿಗುತ್ತದೆ. ನೆಲಕ್ಕೆ ಇಟ್ಟರೆ ಅಡಿಯಲ್ಲಿ ಗಾಳಿ ಆಡುವಷ್ಟು ಜಾಗ. ಬಣ್ಣವೂ ಅಜ್ಜನ ಊರಿನ ಮಣ್ಣಿನದೇ. ಇದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಬ್ರಶ್ಶಿನಲ್ಲಿ ಪಾಚಿ ತಿಕ್ಕಿ, ತೊಳೆದು, ಒರೆಸಿ, ಮೂರು ಹೆಂಚು ಪೆಟ್ಟಿಗೆಯೊಳಗೆ ಮೆಟ್ಟಿಲಿನ ಹಾಗೆ ಜೋಡಿಸಿದೆ. ದೀಪ ಹಾಕಿದೆ. ಅರ್ಧ ಗಂಟೆಯಲ್ಲಿ ಮುಂದಿನ ಗಾಜು ಮಂಜು ಕಟ್ಟಿತು. ಮೀಟರಿನಲ್ಲಿ ತೇವ 91.

ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ನಗು ಬಂತು. ಎರಡು ಮಳೆಗಾಲ ಹೊರಗೆ ಬಿದ್ದ ಹೆಂಚು ಅದು. ಹೊಟ್ಟೆ ತುಂಬ ನೀರು. ಅದನ್ನು ದೀಪದ ಕೆಳಗೆ ಇಟ್ಟು ನಾನು ಪೆಟ್ಟಿಗೆಯೊಳಗೆ ಇಡ್ಲಿ ಬೇಯಿಸುತ್ತಿದ್ದೆ.

ಹೆಂಚು ಹೊರತೆಗೆದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ನಂಬರು ಹಾಕಿ ಬರೆದುಕೊಂಡೆ. ಬಚ್ಚಲಿನ ಹಂಡೆ ಒಲೆಯ ಪಕ್ಕ ಒರಗಿಸಿ ಇಟ್ಟೆ. ಅಮ್ಮನಿಗೆ ಕಿರಿಕಿರಿ. "ನಿಂಗೆ ಮರ್ಲಾ? ಓತಿಯ ಹಾಸಿಗೆ ಒಣಗಿಸ್ಲಿಕ್ಕೆ ನನ್ನ ಒಲೆಯಾ?" ಅವಸರಕ್ಕೆ ಒಂದನ್ನು ಬೆಂಕಿಯ ಬಾಯಿಗೇ ಹತ್ತಿರ ಇಟ್ಟಿದ್ದೆ, ಅದು ಟಪ್ ಅಂತ ಬಿರುಕು ಬಿಟ್ಟಿತು. ಉಳಿದ ಎರಡನ್ನು ದೂರದಿಂದ ಮೆಲ್ಲಗೆ ಬಿಸಿ ತಾಗಿಸಿದೆ. ದಿನವೂ ತೂಗುತ್ತಿದ್ದೆ. ಮೂರನೇ ದಿನ ತೂಕ ಇಳಿಯುವುದು ನಿಂತಿತು. ಒಂದೊಂದರಿಂದ 200 ಗ್ರಾಮಿನ ಮೇಲೆ ನೀರು ಹೋಗಿತ್ತು. ಎರಡು ಹೆಂಚಿಗೆ ಹತ್ತಿರ ಹತ್ತಿರ ಅರ್ಧ ಲೀಟರು!

ಒಣಗಿದ ಹೆಂಚು ಇಟ್ಟು ಪುನಃ ದೀಪ ಹಾಕಿದಾಗ ನಡುವೆ 41, ಅಂಚಿಗೆ 36. ದೀಪ ಆರಿಸಿದ ಮೇಲೂ ಮುಕ್ಕಾಲು ಗಂಟೆ ಬೆಚ್ಚಗೆ ಉಳಿಯಿತು. ಕಡಪ ಕಲ್ಲು ಹಿತ್ತಿಲಿಗೆ ಹೋಯಿತು. ಈಗ ಅದರ ಮೇಲೆ ಅಮ್ಮ ಬಟ್ಟೆ ಒಗೆಯುತ್ತಾರೆ.

ಜುಲೈ 18

ಕರೆಂಟಿನ ಕೆಲಸ. ಬೇಗ ಹೇಳಿ ಮುಗಿಸುತ್ತೇನೆ. ದೀಪಕ್ಕೆ ಪಿಂಗಾಣಿ ಹೋಲ್ಡರ್, ಪ್ಲಾಸ್ಟಿಕ್ಕಿನದು ಈ ಶಾಖಕ್ಕೆ ಕರಗುತ್ತದೆ. ಹ್ಯಾಲೋಜನ್ನಿಗೆ ಡಿಮ್ಮರ್, ಹೆಂಚಿನ ಮೇಲೆ 41 ನಿಲ್ಲುವವರೆಗೆ ತಿರುಗಿಸಿ ಗುರುತು ಹಾಕಿದ್ದೇನೆ. ಅದಲ್ಲದೆ ಒಂದು ಡಿಜಿಟಲ್ ಥರ್ಮೋಸ್ಟ್ಯಾಟ್, ಬಿಸಿ ಕಡೆಯ ಗಾಳಿ 38 ದಾಟಿದರೆ ದೀಪ ಆರಿಸಲಿಕ್ಕೆ. ಅದರ ಸೆನ್ಸರನ್ನು ದೀಪದ ನೇರ ಬೆಳಕು ಬೀಳದ ಕಡೆ, ಅಜ್ಜನ ಬೆನ್ನಿನ ಎತ್ತರಕ್ಕೆ ಕಟ್ಟಿ, ವೈರು ಎಳೆಯದ ಹಾಗೆ ಕ್ಲಿಪ್ ಹೊಡೆದೆ. ಹಳೇ ಮನೆ, ಒದ್ದೆ ಗೋಡೆ. ಮೊದಲ ದಿನವೇ ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಟ್ರಿಪ್ಪರ್ ಬಿತ್ತು. ಪೆಟ್ಟಿಗೆಯ ತಪ್ಪಲ್ಲ, ಗೋಡೆಯ ಸಾಕೆಟ್ ಒಳಗೆ ನೀರು ಬೆವೆತಿತ್ತು. ಸಾಕೆಟ್ ಬೇರೆ ಗೋಡೆಗೆ ಹೋಯಿತು. ಮನೆಯಲ್ಲಿ ಟ್ರಿಪ್ಪರ್ ಇಲ್ಲದಿದ್ದರೆ ಮಳೆಗಾಲದಲ್ಲಿ ಇಂಥ ಕೆಲಸಕ್ಕೆ ಕೈ ಹಾಕಲೇಬೇಡಿ.

ಯುವಿ ದೀಪದ ಬಗ್ಗೆ ಸ್ವಲ್ಪ ನಿಧಾನ ಹೇಳಬೇಕು. ಇವಕ್ಕೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಬೆಳಕು ಇಲ್ಲದಿದ್ದರೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ, ಡಿ3 ಇಲ್ಲದೆ ತಿಂದದ್ದರಲ್ಲಿನ ಸುಣ್ಣ, ಅಂದರೆ ಕ್ಯಾಲ್ಸಿಯಂ, ಎಲುಬಿಗೆ ಹೋಗುವುದಿಲ್ಲ. ಎಲುಬು ರಬ್ಬರಿನ ಹಾಗೆ ಬಗ್ಗುತ್ತದೆ. ಹಳೇ ತೊಟ್ಟಿಯಲ್ಲಿ ಗೆಳೆಯ ಟ್ಯೂಬನ್ನು ಗಾಜಿನ ಮುಚ್ಚಳದ ಮೇಲೆ ಇಟ್ಟಿದ್ದ. ಗಾಜು ಯುವಿಬಿಯನ್ನು ಬಿಡುವುದಿಲ್ಲ. ಅಂದರೆ ಅಷ್ಟು ತಿಂಗಳು ಟ್ಯೂಬ್ ಉರಿದದ್ದು ನಮ್ಮ ಸಮಾಧಾನಕ್ಕೆ. ಅಜ್ಜನ ಪುಣ್ಯ, ಗೆಳೆಯ ತಾರಸಿಯಲ್ಲಿ ಬಿಸಿಲಿಗೆ ಬಿಡುತ್ತಿದ್ದ. ಕಿಟಕಿಯ ಗಾಜಿನ ಹಿಂದಿನ ಬಿಸಿಲೂ ಇದೇ ಲೆಕ್ಕ.

ಈಗ 34 ಇಂಚಿನ, 39 ವ್ಯಾಟಿನ, ಟಿ5 ಅನ್ನುವ ತೆಳು ಯುವಿಬಿ ಟ್ಯೂಬ್. ಪೆಟ್ಟಿಗೆಯ ಒಳಗೆ, ಮಾಡಿಗೆ, ಬಿಸಿ ಕಡೆಯಿಂದ ಶುರುವಾಗಿ ಮುಕ್ಕಾಲು ಉದ್ದಕ್ಕೆ ಬರುತ್ತದೆ. ನಡುವೆ ಜಾಲರಿ ಇಲ್ಲ. ಅಜ್ಜನ ಬೆನ್ನಿಗೆ 15 ಇಂಚು ದೂರ. ತಣ್ಣಗಿನ ಕಡೆ ನೆರಳು ಇರಲೇಬೇಕು, ಬೇಡ ಅನಿಸಿದಾಗ ಅವನು ಸರಿದು ಹೋಗಲಿಕ್ಕೆ. ಟ್ಯೂಬಿನ ತುದಿಗೆ ಹಾಕಿದ ತಾರೀಕು ಬರೆದಿದ್ದೇನೆ. ಬೆಳಕು ಕಾಣುತ್ತಿದ್ದರೂ ಯುವಿಬಿ ಕಡಿಮೆಯಾಗುತ್ತಾ ಹೋಗುತ್ತದೆ. ಬರುವ ಜುಲೈಗೆ ಹೊಸದು ಹಾಕಬೇಕು.

ಜುಲೈ 22

ದಿನದ ಹೊತ್ತು ಸರಿ, ರಾತ್ರಿ ದೀಪ ಆರಿದರೆ ಬೆಳಗಿನ ಜಾವಕ್ಕೆ ತೇವ ಪುನಃ 85. ಬೆಳಕಿಲ್ಲದ ಸಿರಾಮಿಕ್ ಹೀಟರ್ 60 ವ್ಯಾಟಿನದು ಹಾಕಿ 29 ಡಿಗ್ರಿಗೆ ನಿಲ್ಲಿಸಿದೆ. ತೇವ 71. ಇನ್ನೂ ಇಳಿಯಬೇಕಾದರೆ ಪೆಟ್ಟಿಗೆ ಬೇಯಬೇಕು, ರಾತ್ರಿ ಸ್ವಲ್ಪ ತಂಪು ಅವನಿಗೂ ಬೇಕಲ್ವಾ. ಅಂದರೆ ಇಲ್ಲಿಗೆ ಪೆಟ್ಟಿಗೆಯ ಕೈ ಮುಗಿಯಿತು. ಇನ್ನು ಕೋಣೆಯನ್ನೇ ಒಣಗಿಸಬೇಕು.

ಮೊದಲು ಗಾಳಿಯ ತೇವ ಹೀರುವ ಒಂದು ಸಣ್ಣ, ಚೆಂದದ ಡಿಹ್ಯುಮಿಡಿಫೈಯರ್ ತಂದೆ. ಕಂಪ್ರೆಸರ್ ಇಲ್ಲದ್ದು. ಇಡೀ ದಿನಕ್ಕೆ ಒಂದು ಲೋಟ ನೀರು. ದುಡ್ಡು ದಂಡ. ಆಮೇಲೆ ಕಂಪ್ರೆಸರ್ ಇರುವುದನ್ನು ತಂದೆ. ಕಿಟಕಿ ಮುಚ್ಚಿ ಸಂಜೆ ನಾಲ್ಕು ಗಂಟೆ ಓಡಿಸಿದರೆ ಮೂರು ಲೀಟರು. ಕೋಣೆ 28 ಡಿಗ್ರಿ, ಶೇಕಡಾ 65. ಆ ಗಾಳಿ ಪೆಟ್ಟಿಗೆಯೊಳಗೆ 35ಕ್ಕೆ ಬಿಸಿಯಾದಾಗ 44. ಕಪಾಟಿನಲ್ಲಿ ಇಡುವ, ನೀರು ಹೀರಿ ಡಬ್ಬಿ ತುಂಬುವ ಉಪ್ಪನ್ನು ಮಾತ್ರ ಪೆಟ್ಟಿಗೆಯೊಳಗೆ ಇಡಬೇಡಿ. ಅಜ್ಜ ಹೊಸ ವಸ್ತು ಕಂಡರೆ ಮೊದಲು ನಾಲಿಗೆ ಹಾಕಿ ನೋಡುತ್ತಾನೆ.

ಒಳಗಿನ ನೀರಿನ ಮೂಲಗಳನ್ನೂ ಕಡಿಮೆ ಮಾಡಿದೆ. ನುಗ್ಗೆ ಸೊಪ್ಪು, ದಾಸವಾಳದ ಹೂವು, ತುರಿದ ಚೀನಿಕಾಯಿ ಅವನ ನಿತ್ಯದ ಊಟ. ತೊಳೆದ ಸೊಪ್ಪನ್ನು ಬಟ್ಟೆಯಲ್ಲಿ ಒತ್ತಿ ಕೊಡುತ್ತೇನೆ, ಉಳಿದದ್ದು ಒಂದು ಗಂಟೆಯಲ್ಲಿ ಹೊರಗೆ. ಬಸಳೆ, ಹರಿವೆ ಅಂಗಳದಲ್ಲಿ ಬೇಕಾದಷ್ಟಿದೆ, ಆದರೆ ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಸುಣ್ಣವನ್ನು ಕಟ್ಟಿಹಾಕುತ್ತದೆ. ಅದು ಅಪರೂಪಕ್ಕೆ ಮಾತ್ರ. ನೀರಿನ ಬಟ್ಟಲು ಸಣ್ಣದು, ತಣ್ಣಗಿನ ಮೂಲೆಯಲ್ಲಿ. ಸ್ನಾನ ಹೊರಗಿನ ಬೇಸಿನ್‌ನಲ್ಲಿ, ಮೈ ಒರೆಸಿದ ಮೇಲೆಯೇ ಒಳಗೆ.

ಜುಲೈ 27

ಗೃಹಪ್ರವೇಶ. ಪೆಟ್ಟಿಗೆ ವಾಸನೆ ಬಿಟ್ಟು ಎರಡು ವಾರ ಆಗಿತ್ತು.

ಅಜ್ಜ ಮೊದಲು ತಣ್ಣಗಿನ ಕಡೆ ಬೆಂಡಾಗಿ ಮಲಗಿದ. ಮೈ ಚಪ್ಪಟೆ, ಗಡ್ಡ ಕಪ್ಪು. ಅರ್ಧ ಗಂಟೆ ಕದಲಲಿಲ್ಲ. ಗಾಜಿನಲ್ಲಿ ತನ್ನದೇ ನೆರಳು ಕಂಡಿತೋ ಏನೋ, ಒಂದು ಮುಂಗೈ ಎತ್ತಿ ನಿಧಾನಕ್ಕೆ ಗಾಳಿಯಲ್ಲಿ ಸುತ್ತಿಸಿದ. ಟಾಟಾ ಮಾಡಿದ ಹಾಗೆ. ನನ್ನಿಂದ ನಿನಗೆ ತೊಂದರೆ ಇಲ್ಲ ಅಂತ ಎದುರಿನವನಿಗೆ ಹೇಳುವ ಭಾಷೆ ಅದು. ಆಮೇಲೆ ನಾಲಿಗೆ ಹೊರಹಾಕಿ ನೆಲ ಮುಟ್ಟುತ್ತಾ, ನಾಲ್ಕು ಹೆಜ್ಜೆಗೆ ಒಂದು ಸಲ ನಿಲ್ಲುತ್ತಾ, ಹೆಂಚಿನ ಹತ್ತಿರ ಬಂದ. ಮೊದಲ ಹೆಂಚಿಗೆ ಉಗುರು ಹಾಕಿದ. ಕರ್ ಕರ್ ಅಂತ ಸದ್ದು. ಎರಡನೆಯದಕ್ಕೆ ಹತ್ತಿ ದೀಪದ ಕೆಳಗೆ ಹೊಟ್ಟೆ ಹರವಿ, ಹಿಂಗಾಲನ್ನು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿದ. ಹತ್ತು ನಿಮಿಷಕ್ಕೆ ಗಡ್ಡದ ಕಪ್ಪು ಇಳಿದು ಹಳದಿ ಬಂತು. ಬಾಯಿ ತೆರೆದ. ದೀಪದ ಕೆಳಗೆ.

ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. "ಸೀನು ಬರ್ಲಿಲ್ಲ ಅಲ್ವಾ?" ಅಂದರು.

ಆಗಸ್ಟ್ 24

ತೂಕ 391. ಸೀನಿಲ್ಲ. ಹಗಲು ತೇವ ತಣ್ಣಗಿನ ಕಡೆ 48, ಬಿಸಿ ಕಡೆ 38ರ ಆಸುಪಾಸು. ತಣ್ಣಗಿನ ಕಡೆ 40ಕ್ಕೆ ಇಳಿಸಲು ಈ ವರ್ಷ ನನ್ನಿಂದ ಆಗಲಿಲ್ಲ. ಡಾಕ್ಟರು ಎದೆ ಕೇಳಿ ಸಾಕು ಅಂದರು. ಖರ್ಚು ಡಿಹ್ಯುಮಿಡಿಫೈಯರ್ ಬಿಟ್ಟು 17 ಸಾವಿರ. ಅದನ್ನು ಸೇರಿಸಿ ಎಷ್ಟು ಅಂತ ಅಪ್ಪನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ನೋಡಲು ಬಂದ ಒಬ್ಬ ಹುಡುಗ ಇದೇ ಪೆಟ್ಟಿಗೆಯಲ್ಲಿ ಉಡ ಸಾಕಬಹುದಾ ಅಂತ ಕೇಳಿದ. ಉಡ ವನ್ಯಜೀವಿ ಕಾಯಿದೆಯ ಒಂದನೇ ಪಟ್ಟಿಯಲ್ಲಿದೆ, ಮನೆಯಲ್ಲಿ ಇಟ್ಟರೆ ಜೈಲು ಅಂತ ಹೇಳಿ ಕಳಿಸಿದೆ.

ಒಂದು ಕೆಲಸ ಉಳಿದಿದೆ. ಮುಂದಿನ ಹಲಸಿನ ಪಟ್ಟಿ ನೆನಪಿದೆಯಾ? ಅದರ ಒಳಮೈಗೆ ವಾರ್ನಿಷ್ ಕೊಟ್ಟೆ, ಅಡಿಗೆ ಕೊಡಲು ಮರೆತೆ. ಈಗ ಉಬ್ಬಿ ಗಾಜಿನ ಚಾನೆಲ್ ಬಿಗಿಯಾಗಿದೆ. ಎಡಗಡೆಯ ಗಾಜು ಅರ್ಧಕ್ಕೆ ಬಂದು ನಿಲ್ಲುತ್ತದೆ. ದಿನಾ ಬೆಳಗ್ಗೆ ಮೇಣದಬತ್ತಿ ತಿಕ್ಕಿ ದೂಡುತ್ತಿದ್ದೇನೆ. ಆಚಾರಿಯವರಿಗೆ ಫೋನ್ ಮಾಡಿದರೆ ಕೈ ತುಂಬ ಕೆಲಸ ಉಂಟು, ಚೌತಿ ಕಳೆಯಲಿ ಅಂದರು. ಇಡುವ ಮೊದಲು ಒಂದು ಮಾತು ಕೇಳಿದರು: "ಓತಿ ಹುಷಾರುಂಟಾ?"